ತೆಂಗಿನ ಪೋರ್ಟರ್: ನೊರೆ ನಿಲ್ಲುತ್ತಿಲ್ಲ, ಮೇಲೆ ಬಿಳಿ ಉಂಗುರ, ಕೊನೆಯಲ್ಲಿ ಸೋಪಿನ ವಾಸನೆ

ಹಿಲ್ಸ್‌ಬರೋ_ಹಾಪ್ಸ್ (ಆರಿಗನ್)

ಎಲ್ಲರಿಗೂ ನಮಸ್ಕಾರ. 19 ಲೀಟರ್ ಪೋರ್ಟರ್, ಅಂದರೆ ಕಪ್ಪು ಬಿಯರ್, ಮನೆಯಲ್ಲಿ ಮಾಡಿದ್ದೇನೆ. ಮಾಲ್ಟ್‌ಗಳು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ): ಮಾರಿಸ್ ಆಟರ್, ಸ್ವಲ್ಪ ಮ್ಯೂನಿಕ್, ಕ್ರಿಸ್ಟಲ್ 60, ಚಾಕೊಲೇಟ್. ಯೀಸ್ಟ್ ಯುಎಸ್-05. ಓಜಿ (ಹುದುಗುವ ಮೊದಲಿನ ಸಾಂದ್ರತೆ) 1.062, ಎಫ್‌ಜಿ (ಹುದುಗಿದ ಮೇಲಿನದು) 1.016. ತೆಂಗು ಹಾಕುವ ಮೊದಲು ರುಚಿ ನೋಡಿದ್ದೆ, ಚೆನ್ನಾಗಿಯೇ ಇತ್ತು.

ಆಮೇಲೆ ಇಂಡಿಯನ್ ಅಂಗಡಿಯಿಂದ ತಂದ ಕೊಬ್ಬರಿ ಬಟ್ಟಲು ತುರಿದು, ಬಾಣಲೆಯಲ್ಲಿ ಕೆಂಪಗೆ ಹುರಿದೆ. 700 ಗ್ರಾಂ. ನೈಲಾನ್ ಚೀಲದಲ್ಲಿ ಕಟ್ಟಿ ಸೆಕೆಂಡರಿಯಲ್ಲಿ (ಹುದುಗಿದ ಬಿಯರನ್ನು ದಾಟಿಸಿಡುವ ಎರಡನೇ ಪಾತ್ರೆ) ಒಂದು ವಾರ ಇಟ್ಟೆ. ಚೀಲವನ್ನು ಚೆನ್ನಾಗಿ ಹಿಂಡಿ ತೆಗೆದೆ. ಅರ್ಧ ಬಾಟಲಿಗೆ, ಇನ್ನರ್ಧ ಕೆಗ್‌ಗೆ (ಒತ್ತಡದಲ್ಲಿ ಬಿಯರ್ ಇಡುವ ಲೋಹದ ಡ್ರಮ್) ಹೋಯಿತು.

ಈಗ ಗ್ಲಾಸಿಗೆ ಸುರಿದರೆ ನೊರೆ ಬಂದ ಹಾಗೆ ಮಾಡಿ ಮಾಯವಾಗುತ್ತದೆ. ಬಾಟಲಿಯ ಕುತ್ತಿಗೆಯಲ್ಲಿ ಬಿಳಿ ಉಂಗುರ ಕಟ್ಟಿದೆ. ಕುಡಿದ ಮೇಲೆ ಬಾಯಲ್ಲಿ ಸೋಪಿನ ಹಾಗೆ ಏನೋ ಉಳಿಯುತ್ತದೆ. ಇನ್ಫೆಕ್ಷನ್ನಾ? ಚೆಲ್ಲಬೇಕಾ?

ಕಪ್ಪುಮಾಲ್ಟ್

ಚೆಲ್ಲುವ ಮಾತು ಆಮೇಲೆ. ಮೊದಲು ಆ ಉಂಗುರ ಏನು ಅಂತ ನೋಡೋಣ. ಒಂದು ಬಾಟಲಿಯನ್ನು ಕುತ್ತಿಗೆಯವರೆಗೆ ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಉಂಗುರ ಕರಗಿ ಮೇಲೆ ಹೊಳೆಯುವ ಹನಿಗಳಾದರೆ ಅದು ಎಣ್ಣೆ. ಕಾಡು ಯೀಸ್ಟ್, ಬ್ಯಾಕ್ಟೀರಿಯಾ ಕಟ್ಟುವ ಪೊರೆ ಹಾಗೆ ಕರಗುವುದಿಲ್ಲ. ಜೊತೆಗೆ ಎಫ್‌ಜಿ ಇನ್ನೊಮ್ಮೆ ಅಳೆಯಿರಿ. 1.016ಕ್ಕಿಂತ ಸುಮಾರು ಕೆಳಗೆ ಇಳಿದಿದ್ದರೆ ಇನ್ಫೆಕ್ಷನ್ ಅನುಮಾನ ಪಡಬೇಕು. ಅಳೆಯುವ ಮೊದಲು ಗ್ಯಾಸ್ ಪೂರ್ತಿ ಬಿಡಿಸಿ, ಇಲ್ಲದಿದ್ದರೆ ಹೈಡ್ರೋಮೀಟರ್ (ಸಾಂದ್ರತೆ ಅಳೆಯುವ ತೇಲುಕಡ್ಡಿ) ತಪ್ಪು ತೋರಿಸುತ್ತದೆ.

ಇನ್ನೊಂದು ಪ್ರಶ್ನೆ. ಕೊಬ್ಬರಿಯ ಒಳಗೆ ಹಸಿರು, ಕಪ್ಪು ಬೂಷ್ಟು ಇತ್ತಾ? ಇದ್ದರೆ ಮಾತೇ ಬೇಡ, ಎಲ್ಲಾ ಸಿಂಕ್‌ಗೆ. ಬೂಷ್ಟು ಹಿಡಿದ ಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಇರಬಹುದು. ಅದು ಹುರಿದರೂ ಪೂರ್ತಿ ಹೋಗುವುದಿಲ್ಲ.

ನೊರೆಪ್ರಿಯೆ

ಗ್ಲಾಸನ್ನೂ ಪರೀಕ್ಷೆ ಮಾಡಿ ಸರ್. ನಮ್ಮ ಮನೆಗಳಲ್ಲಿ ಒಂದೇ ಗ್ಲಾಸಿನಲ್ಲಿ ಮಜ್ಜಿಗೆ, ಹಾಲು, ಬಿಯರ್ ಎಲ್ಲಾ ನಡೆಯುತ್ತದೆ. ಜಿಡ್ಡು ಇದ್ದರೆ ನೊರೆ ನಿಲ್ಲುವುದೇ ಇಲ್ಲ. ಗ್ಲಾಸಿನ ಒಳಗೆ ನೀರು ಬಳಿದು, ಅದರ ಮೇಲೆ ಉಪ್ಪು ಉದುರಿಸಿ. ಜಿಡ್ಡಿರುವ ಕಡೆ ಉಪ್ಪು ಅಂಟುವುದಿಲ್ಲ.

ಹಿಲ್ಸ್‌ಬರೋ_ಹಾಪ್ಸ್

ಉಂಗುರ ಕರಗಿತು, ಎಣ್ಣೆ ಹನಿಗಳೇ. ಎಫ್‌ಜಿ 1.016ರಲ್ಲೇ ಇದೆ. ಗ್ಯಾಸ್ ಸರಿಯಾಗಿದೆ, ಗುಳ್ಳೆ ಏಳುತ್ತವೆ. ಬೂಷ್ಟು ಇರಲಿಲ್ಲ. ಮಜ್ಜಿಗೆ ಗ್ಲಾಸು ಉಪ್ಪಿನ ಪರೀಕ್ಷೆಯಲ್ಲಿ ಫೇಲ್ 😀 ಆದರೆ ಹೊಸ ಗ್ಲಾಸಿನಲ್ಲೂ ನೊರೆ ನಿಲ್ಲಲಿಲ್ಲ.

ಕಲ್ಪತರುನಾಡು

ನಾನು ತಿಪಟೂರಿನ ಕಡೆಯವನು, ಕೊಬ್ಬರಿ ವಿಷಯಕ್ಕೆ ಬಾಯಿ ಹಾಕದೆ ಇರೋಕಾಗಲ್ಲ.

ನಮ್ಮಲ್ಲಿ ಉಂಡೆ ಕೊಬ್ಬರಿ ಮಾಡುವುದು ಹೇಗೆ? ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ನೀರು ಹೋದ ಮೇಲೆ ಉಳಿಯುವುದು ಹೆಚ್ಚು ಪಾಲು ಎಣ್ಣೆಯೇ. ಹಸಿ ಕಾಯಿಯಲ್ಲಿ ನೂರಕ್ಕೆ ಮೂವತ್ತು ಚಿಲ್ಲರೆ ಕೊಬ್ಬು ಇದ್ದರೆ, ಕೊಬ್ಬರಿಯಲ್ಲಿ ಅರವತ್ತು ದಾಟುತ್ತದೆ. ಅಂದರೆ ನಿಮ್ಮ 700 ಗ್ರಾಂನಲ್ಲಿ 400 ಗ್ರಾಂಗೂ ಜಾಸ್ತಿ ಎಣ್ಣೆ! ಅದರಲ್ಲಿ ಸ್ವಲ್ಪ ಬಿಯರಿಗೆ ಇಳಿದರೂ ನೊರೆ ಸಾಯುತ್ತದೆ.

ಸೋಪಿನ ವಾಸನೆ ಬೇರೆ ಕಥೆ. ಹಳೆಯ ಗಿಟುಕು ಕಮಟು ಬಂದಿರುತ್ತದೆ. ತೇವ ತಗುಲಿದರೆ ಎಣ್ಣೆ ಒಡೆದು ಕೊಬ್ಬಿನಾಮ್ಲಗಳು ಬಿಡುಗಡೆಯಾಗುತ್ತವೆ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧ ಲಾರಿಕ್ ಆಮ್ಲ. ಅದು ಬಿಡುಗಡೆಯಾದಾಗ ಬರುವುದೇ ಆ ಸೋಪಿನ ರುಚಿ. ಚಟ್ನಿಪುಡಿಗೆ ಹಾಕಿದರೆ ಮೆಣಸಿನಕಾಯಿ, ಹುಣಸೆಹಣ್ಣು ಮುಚ್ಚಿಬಿಡುತ್ತವೆ. ಬಿಯರಿನಲ್ಲಿ ಮುಚ್ಚಲು ಏನಿದೆ?

ಕಪ್ಪುಮಾಲ್ಟ್

ಕಲ್ಪತರು ಅಣ್ಣ ಹೇಳಿದ ಮೇಲೆ ಕಾರಣದ ಬಗ್ಗೆ ಚರ್ಚೆ ಮುಗಿಯಿತು. ಈಗ ರಿಪೇರಿ.

ಕೆಗ್ ಅರ್ಧವನ್ನು ತಕ್ಕಮಟ್ಟಿಗೆ ಉಳಿಸಬಹುದು. 1-2 ಡಿಗ್ರಿಗೆ ಇಳಿಸಿ ನಾಲ್ಕೈದು ದಿನ ಅಲುಗಾಡಿಸದೆ ಬಿಡಿ. ಎಣ್ಣೆ ಮೇಲೆ ಬಂದು ಗಟ್ಟಿಯಾಗುತ್ತದೆ. ಸಿಒ2 ಒತ್ತಡದಲ್ಲಿ ಕೆಳಗಿನಿಂದ ಇನ್ನೊಂದು ಕೆಗ್‌ಗೆ ದಾಟಿಸಿ. ಕೊನೆಯ ಒಂದು ಲೀಟರ್ ಆಸೆ ಬಿಟ್ಟುಬಿಡಿ. ಮುಖ್ಯವಾದ ಮಾತು: ನಿಮ್ಮ ಕೆಗ್‌ನಲ್ಲಿ ತೇಲುವ ಡಿಪ್ ಟ್ಯೂಬ್ (ಬಿಯರನ್ನು ಹೊರಗೆಳೆಯುವ ಕೊಳವೆ) ಇದ್ದರೆ ಮೊದಲು ಬದಲಿಸಿ. ಅದು ಮೇಲಿನಿಂದ ಎಳೆಯುತ್ತದೆ, ಅಂದರೆ ಸರಿಯಾಗಿ ಎಣ್ಣೆ ಇರುವ ಜಾಗದಿಂದ. ಬೇರೆ ಬಿಯರಿಗೆ ವರ, ಇದಕ್ಕೆ ಶಾಪ.

ಬಾಟಲಿಗಳಿಗೆ ಮಾಡುವುದು ಕಡಿಮೆ. ನೆಟ್ಟಗೆ ನಿಲ್ಲಿಸಿ ಚೆನ್ನಾಗಿ ತಣಿಸಿ. ಉಂಗುರ ಗಾಜಿಗೆ ಅಂಟಿಕೊಂಡಿರುತ್ತದೆ. ನಿಧಾನಕ್ಕೆ ಸುರಿಯಿರಿ. ಬಿಚ್ಚಿ ಸೋಸಿ ಮತ್ತೆ ತುಂಬುವ ಯೋಚನೆ ಬೇಡ, ಗಾಳಿ ತಗುಲಿ ಒದ್ದೆ ರಟ್ಟಿನ ರುಚಿ ಬರುತ್ತದೆ.

ಸೋಪಿನ ರುಚಿ ಮಾತ್ರ ಎರಡರಲ್ಲೂ ಹೋಗುವುದಿಲ್ಲ. ಎಣ್ಣೆ ತೆಗೆದರೆ ಸ್ವಲ್ಪ ತಗ್ಗಬಹುದು, ಅಷ್ಟೇ.

ನೊರೆಪ್ರಿಯೆ

ಮುಂದಿನ ಸಲಕ್ಕೆ ನಾನು ಮಾಡುವ ರೀತಿ ಹೇಳುತ್ತೇನೆ. ಸಕ್ಕರೆ ಹಾಕದ ಒಣ ಫ್ಲೇಕ್ಸ್ ತನ್ನಿ, ಸಲ್ಫೈಟ್ ಇಲ್ಲದ್ದು. ಸಿಹಿ ತುರಿಯಲ್ಲಿ ಸಕ್ಕರೆ ಇರುತ್ತದೆ. ಅದು ಪೂರ್ತಿ ಹುದುಗುವ ಮೊದಲೇ ತುಂಬಿದರೆ ಬಾಟಲಿಯಲ್ಲಿ ಗ್ಯಾಸ್ ಜಾಸ್ತಿಯಾಗುತ್ತದೆ. ಫ್ಲೇಕ್ಸನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಅವನ್‌ನಲ್ಲಿ 160 ಡಿಗ್ರಿಗೆ, ನಾಲ್ಕೈದು ನಿಮಿಷಕ್ಕೊಮ್ಮೆ ಕೆದಕುತ್ತಾ, ಹೊಂಬಣ್ಣ ಬರುವವರೆಗೆ. ಬಾಣಲೆಯಲ್ಲಿ ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಬಿಸಿ ಇರುವಾಗಲೇ ಪೇಪರ್ ಟವೆಲ್ ನಡುವೆ ಇಟ್ಟು ಒತ್ತಿ. ಕಾಗದ ಜಿಡ್ಡಾಗುವುದು ನಿಲ್ಲುವವರೆಗೆ ಬದಲಿಸುತ್ತಾ ಇರಿ. ಬೇಸರದ ಕೆಲಸ, ಆದರೆ ಬಿಡಬೇಡಿ.

19 ಲೀಟರಿಗೆ 450 ಗ್ರಾಂನಿಂದ ಶುರು ಮಾಡಿ. ಎರಡನೇ ದಿನದಿಂದ ದಿನಾ ರುಚಿ ನೋಡಿ, ಸಾಕು ಅನಿಸಿದ ಕೂಡಲೇ ತೆಗೆಯಿರಿ. ಚೀಲ ಹಿಂಡಬೇಡಿ! ಹಿಂಡಿದರೆ ಎಣ್ಣೆ ಬಿಯರಿಗೇ ಬರುತ್ತದೆ. ತೆಂಗು ಒಂದೆರಡು ಲೀಟರ್ ಕುಡಿದುಬಿಡುತ್ತದೆ, ಅದಕ್ಕೆ ಮೊದಲೇ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ಆಮೇಲೆ ತಣಿಸಿ, ಕೆಳಗಿನಿಂದ ಸೈಫನ್ ಮಾಡಿ.

ಬೆಂಗಳೂರು_ಬಾಯಾರಿಕೆ

ತೆಂಗಿನ ಹಾಲು ಹಾಕಿದರೆ ಈ ಹುರಿಯುವ ಕಷ್ಟವೇ ಇಲ್ಲ ಅಲ್ವಾ? ಮತ್ತೆ ಇದನ್ನು ಬೆಂಗಳೂರಲ್ಲಿ ಮನೆಯಲ್ಲಿ ಮಾಡಬಹುದಾ?

ಕಪ್ಪುಮಾಲ್ಟ್

ಎರಡಕ್ಕೂ ಬೇಡ ಗುರು. ಹಾಲಿನಲ್ಲಿ ಕೊಬ್ಬು ಸಣ್ಣ ಸಣ್ಣ ಕಣಗಳಾಗಿ ಬೆರೆತಿರುತ್ತದೆ, ತಣಿಸಿದರೂ ಸರಿಯಾಗಿ ಬೇರೆಯಾಗುವುದಿಲ್ಲ. ಇನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮೈಕ್ರೋಬ್ರೂವರಿಗಳಿವೆ, ಅಲ್ಲಿ ಕುಡಿಯಿರಿ. ಅಮೆರಿಕದಲ್ಲಿ 1978ರ ಕಾನೂನಿನಿಂದ ಮನೆ ಬಿಯರಿಗೆ ದಾರಿ ಆಯಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ 757 ಲೀಟರ್. ಮಾರುವಂತಿಲ್ಲ.

ಎಣ್ಣೆಯ ಗೋಜೇ ಬೇಡ ಅನ್ನುವವರಿಗೆ ಸಬ್ರೋ ಅನ್ನುವ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಇದೆ. ತೆಂಗಿನ ಪರಿಮಳ ಬರುತ್ತದೆ, ಜೊತೆಗೆ ಕಿತ್ತಳೆಯದೂ. ಕಪ್ಪು ಬಿಯರಿಗೆ ನನಗೇನೋ ಅದು ಒಗ್ಗಲಿಲ್ಲ. ಹವಾಯಿಯ ಮಾವಿ ಬ್ರೂಯಿಂಗ್‌ನವರ ಕೋಕೋನಟ್ ಪೋರ್ಟರ್ ಸಿಕ್ಕರೆ ಕುಡಿದು ನೋಡಿ. ಅವರು ಹುರಿದ ತೆಂಗನ್ನೇ ಹಾಕುತ್ತಾರೆ.

ಕಲ್ಪತರುನಾಡು

ಇನ್ನೊಂದು ದಾರಿ ಇದೆ. ಹುರಿದ ತೆಂಗನ್ನು ವೋಡ್ಕಾದಲ್ಲಿ ಒಂದು ವಾರ ನೆನೆಸಿ, ಸೋಸಿ, ರಾತ್ರಿ ಫ್ರೀಜರ್‌ನಲ್ಲಿಡಿ. ವೋಡ್ಕಾ ಹೆಪ್ಪುಗಟ್ಟಲ್ಲ, ಎಣ್ಣೆ ಮೇಲೆ ಬಿಲ್ಲೆಯಾಗುತ್ತದೆ. ಅದನ್ನು ತೆಗೆದು, ಕಾಫಿ ಫಿಲ್ಟರ್‌ನಲ್ಲಿ ಮತ್ತೆ ಸೋಸಿ. ಒಂದು ಗ್ಲಾಸ್ ಬಿಯರಿಗೆ ಹನಿ ಹನಿ ಹಾಕಿ ಅಳತೆ ಗೊತ್ತುಮಾಡಿಕೊಂಡು ಆಮೇಲೆ ಕೆಗ್‌ಗೆ ಹಾಕಿ.

ಹಿಲ್ಸ್‌ಬರೋ_ಹಾಪ್ಸ್

ಎಲ್ಲರಿಗೂ ಥ್ಯಾಂಕ್ಸ್. ಕೆಗ್ ತಣಿಸಿ ದಾಟಿಸಿದೆ. ಬೆರಳಿನಷ್ಟು ನೊರೆ ಈಗ ಒಂದೆರಡು ನಿಮಿಷ ನಿಲ್ಲುತ್ತಿದೆ. ಸೋಪು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬಾಟಲಿಗಳದ್ದನ್ನು ಕುಡಿಯುವ ಮನಸ್ಸಿಲ್ಲ, ಚೆಲ್ಲುತ್ತಿದ್ದೇನೆ. ಖಾಲಿ ಬಾಟಲಿ ಮತ್ತೆ ಬಳಸಬಹುದಾ?

ನೊರೆಪ್ರಿಯೆ

ಧಾರಾಳವಾಗಿ. ಬಿಸಿನೀರಿಗೆ ಪಿಬಿಡಬ್ಲ್ಯೂ (ಬಿಯರ್ ಪಾತ್ರೆ ತೊಳೆಯುವ ಪುಡಿ) ಹಾಕಿ ರಾತ್ರಿಯಿಡೀ ನೆನೆಸಿ, ಕುತ್ತಿಗೆಗೆ ಬ್ರಷ್ ಹಾಕಿ ಉಜ್ಜಿ. ಕೆಗ್‌ನ ರಬ್ಬರ್ ಓ-ರಿಂಗ್‌ಗಳನ್ನೂ ಬಿಯರ್ ಪೈಪನ್ನೂ ಬದಲಿಸಿಬಿಡಿ. ಅವುಗಳಿಗೆ ಹಿಡಿದ ತೆಂಗಿನ ವಾಸನೆ ತೊಳೆದರೆ ಹೋಗಲ್ಲ. ಮುಂದೆ ಪಿಲ್ಸ್‌ನರ್ (ತಿಳಿ ಬಣ್ಣದ ಬಿಯರ್) ಮಾಡಿದರೆ ಅದರಲ್ಲೂ ಬರುತ್ತದೆ.