4ಕೆ ಪ್ಲ್ಯಾನ್‌ಗೆ ಹಣ ಕಟ್ಟಿದರೂ ಚಿತ್ರ ಮಸುಕು: ತಡೆ ಎಲ್ಲಿದೆ ಎಂದು ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ: ಮಂಜುಪರದೆ

ಒಂದು ಸ್ಟ್ರೀಮಿಂಗ್ ಸೇವೆಯ ಅತಿ ದುಬಾರಿ ಪ್ಲ್ಯಾನ್ ಇದೆ, ವಿವರದಲ್ಲಿ 4ಕೆ ಎಂದು ಬರೆದಿದೆ. ಜೋಡಣೆ ಹೀಗಿದೆ: ವಿಂಡೋಸ್ ಲ್ಯಾಪ್‌ಟಾಪ್, ಕ್ರೋಮ್ ಬ್ರೌಸರ್, ಅಲ್ಲಿಂದ ಎಚ್‌ಡಿಎಂಐ ಕೇಬಲ್ ಸೌಂಡ್‌ಬಾರ್‌ಗೆ, ಸೌಂಡ್‌ಬಾರ್‌ನಿಂದ 4ಕೆ ಟಿವಿಗೆ. ಇಂಟರ್‌ನೆಟ್ 100 ಎಂಬಿಪಿಎಸ್, ವೈಫೈ ಅಲ್ಲ, ತಂತಿಯಲ್ಲೇ. ಆದರೂ ಕೂದಲಿನ ಎಳೆ, ಬಟ್ಟೆಯ ನೇಯ್ಗೆ, ಕತ್ತಲ ದೃಶ್ಯದ ವಿವರ ಎಲ್ಲವೂ ಕಲಸಿಹೋದಂತೆ ಕಾಣುತ್ತದೆ. ಟಿವಿ ರಿಮೋಟ್‌ನಲ್ಲಿ ಇನ್ಫೋ ಒತ್ತಿದರೆ ಮಾತ್ರ 3840×2160 ಎಂದೇ ತೋರಿಸುತ್ತದೆ. ಅದೇ ಖಾತೆ ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಇನ್ನೂ ಮಸುಕು. ಗ್ರಾಹಕ ಸೇವೆಯವರು ಪ್ರತಿ ಸಲ ಕೊಡುವ ಉತ್ತರ ಒಂದೇ: "ಇಂಟರ್‌ನೆಟ್ ವೇಗ ಪರೀಕ್ಷಿಸಿ."

ನಿಜವಾಗಿ ಯಾವ ರೆಸಲ್ಯೂಷನ್ ಬರುತ್ತಿದೆ ಎಂದು ತಿಳಿಯುವುದು ಹೇಗೆ? ತಡೆ ಯಾವ ಕೊಂಡಿಯಲ್ಲಿದೆ? ಇದನ್ನೆಲ್ಲ ಹಣ ಕಟ್ಟುವ ಮೊದಲೇ ಹೇಳಬೇಕಾದ ಹೊಣೆ ಅವರದಲ್ಲವೇ?

ಉತ್ತರ 1: ಎಚ್‌ಡಿಎಂಐ_ಗಂಟು

ಮೊದಲು ಆ ಇನ್ಫೋ ಬಟನ್ ಮರೆತುಬಿಡಿ. ಅದು ತೋರಿಸುವುದು ಕೇಬಲ್‌ನಲ್ಲಿ ಬರುತ್ತಿರುವ ಸಿಗ್ನಲ್‌ನ ಅಳತೆಯನ್ನು, ವಿಡಿಯೊದ ಅಳತೆಯನ್ನಲ್ಲ. ಲ್ಯಾಪ್‌ಟಾಪ್ ಡೆಸ್ಕ್‌ಟಾಪ್ ಅನ್ನು 4ಕೆಯಲ್ಲಿ ಕಳಿಸುತ್ತಿದ್ದರೆ, ಅದರೊಳಗೆ 720ಪಿ ವಿಡಿಯೊ ಹಿಗ್ಗಿಸಿ ಹಾಕಿದ್ದರೂ ಟಿವಿ 3840×2160 ಎಂದೇ ಹೇಳುತ್ತದೆ. ಹೆಚ್ಚಿನವರು ಮೋಸಹೋಗುವುದು ಇಲ್ಲೇ.

ನಿಮ್ಮ ಜೋಡಣೆಯಲ್ಲಿ ಎರಡು ಕಡೆ ಅನುಮಾನವಿದೆ.

ಒಂದು, ಬ್ರೌಸರ್. ವಿಂಡೋಸ್‌ನ ಕ್ರೋಮ್‌ನಲ್ಲಿ ವೈಡ್‌ವೈನ್ ಎಂಬ ಡಿಆರ್‌ಎಂ (ವಿಡಿಯೊ ನಕಲಾಗದಂತೆ ಹಾಕುವ ಡಿಜಿಟಲ್ ಬೀಗ) ಸಾಮಾನ್ಯವಾಗಿ ಬರೀ ಸಾಫ್ಟ್‌ವೇರ್ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಎಡ್ಜ್‌ನಲ್ಲಿ ಪ್ಲೇರೆಡಿ ಇದೆ, ಅದು ಗ್ರಾಫಿಕ್ಸ್ ಚಿಪ್‌ನ ಸುರಕ್ಷಿತ ಭಾಗವನ್ನು ಬಳಸಬಲ್ಲದು. ಮ್ಯಾಕ್‌ನ ಸಫಾರಿಯಲ್ಲಿ ಫೇರ್‌ಪ್ಲೇ. ಚಿತ್ರ ನಿರ್ಮಾಣ ಸಂಸ್ಥೆಗಳ ಜೊತೆಗಿನ ಒಪ್ಪಂದದ ಕಾರಣ 4ಕೆ ಹರಿವನ್ನು ಹಾರ್ಡ್‌ವೇರ್ ಮಟ್ಟದ ರಕ್ಷಣೆ ಇದ್ದಲ್ಲಿ ಮಾತ್ರ ಬಿಡುತ್ತಾರೆ. ನೆಟ್‌ಫ್ಲಿಕ್ಸ್‌ನಲ್ಲಂತೂ ಕ್ರೋಮ್ ಹಲವು ವರ್ಷ 720ಪಿಗೇ ನಿಂತಿತ್ತು, ಆಮೇಲೆ 1080ಪಿ ಆಯಿತು. ಅದಕ್ಕಿಂತ ಮೇಲೆ ಬೇಕೆಂದರೆ ಎಡ್ಜ್‌ಗೋ ಸಫಾರಿಗೋ ಹೋಗಬೇಕು. ಎಡ್ಜ್ ಇದ್ದರೂ ವಿಂಡೋಸ್‌ನಲ್ಲಿ ಎಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಷನ್ (ಆ ಬಗೆಯ ವಿಡಿಯೊ ಬಿಡಿಸುವ ತಂತ್ರಾಂಶ) ಇಲ್ಲದಿದ್ದರೆ, ಅಥವಾ ಪ್ರೊಸೆಸರ್ ಇಂಟೆಲ್ 7ನೇ ತಲೆಮಾರಿಗಿಂತ ಹಳೆಯದಾಗಿದ್ದು ಬೇರೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ, 4ಕೆ ಸಿಗುವುದಿಲ್ಲ.

ಎರಡು, ಸೌಂಡ್‌ಬಾರ್. 4ಕೆಗೆ ಸರಪಳಿಯ ಪ್ರತಿ ಕೊಂಡಿಯೂ ಎಚ್‌ಡಿಸಿಪಿ (ಕೇಬಲ್‌ನಲ್ಲಿ ಹೋಗುವ ಚಿತ್ರ ನಕಲಾಗದಂತೆ ಕಾಯುವ ವ್ಯವಸ್ಥೆ) 2.2 ಅಥವಾ ಅದಕ್ಕಿಂತ ಹೊಸದನ್ನು ಒಪ್ಪಬೇಕು. ನಡುವೆ 1.4 ಮಾತ್ರ ಬಲ್ಲ ಒಂದು ಪೆಟ್ಟಿಗೆ ಇದ್ದರೂ ಸೇವೆ 1080ಪಿಗೆ ಇಳಿಯುತ್ತದೆ, ಯಾವ ಸೂಚನೆಯೂ ತೆರೆಯ ಮೇಲೆ ಬರುವುದಿಲ್ಲ. ಕೇಬಲ್ ಬದಲಿಸಿ ಹಣ ಹಾಳುಮಾಡಬೇಡಿ, ಎಚ್‌ಡಿಸಿಪಿ ಇರುವುದು ಎರಡು ತುದಿಯ ಚಿಪ್‌ಗಳಲ್ಲಿ. ಲ್ಯಾಪ್‌ಟಾಪ್ ಅನ್ನು ನೇರವಾಗಿ ಟಿವಿಗೆ ಕೊಡಿ. ಧ್ವನಿಯನ್ನು ಟಿವಿಯ ಎಆರ್‌ಸಿ ಅಥವಾ ಇ-ಎಆರ್‌ಸಿ ಪೋರ್ಟ್‌ನಿಂದ ಸೌಂಡ್‌ಬಾರ್‌ಗೆ ವಾಪಸ್ ಒಯ್ಯಬಹುದು.

ಉತ್ತರ 2: ಕೋಡೆಕ್_ಕಟ್ಟೆ

ಟ್ಯಾಬ್ಲೆಟ್ ಬಗ್ಗೆ. ಡಿಆರ್‌ಎಂ ಇನ್ಫೋ ಎಂಬ ಆ್ಯಪ್ ಹಾಕಿ, ವೈಡ್‌ವೈನ್ ಭಾಗದಲ್ಲಿ ಸೆಕ್ಯುರಿಟಿ ಲೆವೆಲ್ ನೋಡಿ. ಎಲ್1 ಎಂದರೆ ಬೀಗ ತೆಗೆಯುವುದೂ ವಿಡಿಯೊ ಬಿಡಿಸುವುದೂ ಚಿಪ್‌ನ ಸುರಕ್ಷಿತ ವಲಯದಲ್ಲೇ. ಎಲ್3 ಎಂದರೆ ಎಲ್ಲವೂ ಸಾಫ್ಟ್‌ವೇರ್‌ನಲ್ಲಿ. ಎಲ್3 ಮೊಬೈಲ್, ಟ್ಯಾಬ್ಲೆಟ್‌ಗಳಿಗೆ ಬಹಳಷ್ಟು ಸೇವೆಗಳು ಕೊಡುವುದು 480ಪಿ. ಹತ್ತಿಂಚಿನ ಪರದೆಯಲ್ಲಿ ಅದು ಮಸುಕಾಗಿಯೇ ಕಾಣುತ್ತದೆ. ಬೂಟ್‌ಲೋಡರ್ (ಸಾಧನವನ್ನು ಚಾಲೂ ಮಾಡುವ ತಂತ್ರಾಂಶ) ಅನ್‌ಲಾಕ್ ಮಾಡಿದರೆ ಕೆಲವು ಸಾಧನಗಳು ಎಲ್1ನಿಂದ ಎಲ್3ಗೆ ಬೀಳುತ್ತವೆ.

ಎಲ್1 ಇದ್ದ ಮಾತ್ರಕ್ಕೆ ಎಚ್‌ಡಿ ಖಾತ್ರಿಯಲ್ಲ. ಕೆಲವು ಸೇವೆಗಳಲ್ಲಿ, ಅವರೇ ಪರೀಕ್ಷಿಸಿ ಒಪ್ಪಿದ ಮಾದರಿಗಳ ಪಟ್ಟಿಯಲ್ಲಿ ನಿಮ್ಮ ಸಾಧನವೂ ಇರಬೇಕು. ನೆಟ್‌ಫ್ಲಿಕ್ಸ್‌ನ ಆಂಡ್ರಾಯ್ಡ್ ಆ್ಯಪ್‌ನಲ್ಲಿ ಆ್ಯಪ್ ಸೆಟ್ಟಿಂಗ್ಸ್, ಡಯಾಗ್ನಾಸ್ಟಿಕ್ಸ್, ಪ್ಲೇಬ್ಯಾಕ್ ಸ್ಪೆಸಿಫಿಕೇಷನ್ ಎಂದು ಹೋದರೆ ಆ ಸಾಧನದ ಗರಿಷ್ಠ ರೆಸಲ್ಯೂಷನ್ ಬರೆದಿರುತ್ತದೆ. ಎಲ್ಲ ಆ್ಯಪ್‌ಗಳಲ್ಲೂ ಇರಲೇಬೇಕಾದ ಪುಟ ಇದು, ಅದೂ ಇಷ್ಟು ಆಳದಲ್ಲಿ ಅಲ್ಲ.

ಉತ್ತರ 3: ಅಳತೆಗೋಲು

ಅಳೆಯುವ ದಾರಿ ಹೇಳುತ್ತೇನೆ. ನೆಟ್‌ಫ್ಲಿಕ್ಸ್ ಆದರೆ ಕಂಪ್ಯೂಟರ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್, ಡಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಬಿಟ್‌ರೇಟ್ (ಸೆಕೆಂಡಿಗೆ ಬರುವ ಡೇಟಾ), ರೆಸಲ್ಯೂಷನ್, ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಮೂರೂ ಕಾಣುತ್ತವೆ. ಯೂಟ್ಯೂಬ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್. ಬೇರೆ ಸೇವೆಗಳಿಗೆ ಕ್ರೋಮ್‌ನ ಮೀಡಿಯಾ-ಇಂಟರ್ನಲ್ಸ್ ಪುಟವನ್ನು ಇನ್ನೊಂದು ಟ್ಯಾಬ್‌ನಲ್ಲಿ ತೆರೆದಿಟ್ಟು ಆಮೇಲೆ ವಿಡಿಯೊ ಹಾಕಿ. ಯಾವುದೇ ಆಗಲಿ, ಮೊದಲ ಎರಡು ನಿಮಿಷದ ಅಂಕಿ ನಂಬಬೇಡಿ. ಹರಿವು ಕೆಳಗಿನ ಮೆಟ್ಟಿಲಿನಿಂದ ಶುರುವಾಗಿ ಏರುತ್ತದೆ.

ಟಿವಿಯೊಳಗಿನ ಆ್ಯಪ್‌ನಲ್ಲಿ ಇದೇನೂ ತೋರಿಸದಿದ್ದರೆ ರೂಟರ್‌ನಲ್ಲಿ ಡೇಟಾ ಎಣಿಸಿ. ಬೇರೆಲ್ಲ ಸಾಧನ ಬಂದ್ ಮಾಡಿ, 10 ನಿಮಿಷ ಓಡಿಸಿ. ಸರಾಸರಿ 15 ಎಂಬಿಪಿಎಸ್ ಇದ್ದರೆ 1,125 ಎಂಬಿ ಆಗಬೇಕು, 5 ಇದ್ದರೆ 375, 2.5 ಇದ್ದರೆ ಸುಮಾರು 188. ಮುಂದಿನ ಭಾಗವನ್ನು ಮುಂಚೆಯೇ ತುಂಬಿಸಿಕೊಳ್ಳುವುದರಿಂದ ಒಂದೆರಡು ನಿಮಿಷದ ಅಳತೆ ಸುಳ್ಳಾಗುತ್ತದೆ.

ಕಡಿಮೆ ಡೇಟಾ ಕಂಡ ಕೂಡಲೇ ಮೋಸ ಎನ್ನಲಾಗದು. ಪ್ರತಿ ಚಿತ್ರಕ್ಕೂ ಬೇಕಾದಷ್ಟೇ ಬಿಟ್‌ರೇಟ್ ಹಾಕುವ ಪದ್ಧತಿ ಬಂದು ವರ್ಷಗಳಾಗಿವೆ. ಬಣ್ಣಗಳು ಚಪ್ಪಟೆಯಾಗಿರುವ ಕಾರ್ಟೂನ್‌ಗೆ ಸಾಕಾಗುವುದು ಮಳೆ, ಹೊಗೆ, ಫಿಲ್ಮ್ ಕಣ ತುಂಬಿದ ದೃಶ್ಯಕ್ಕೆ ಸಾಲದು. ಹಾಗಾಗಿ ಒಂದೇ ಚಿತ್ರದ ಒಂದೇ ಹತ್ತು ನಿಮಿಷವನ್ನು ಎರಡು ಜೋಡಣೆಗಳಲ್ಲಿ ಹೋಲಿಸಿ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ರೆಸಲ್ಯೂಷನ್ ಹಾಗೇ ಉಳಿಸಿ ಬಿಟ್‌ರೇಟ್ ಮಾತ್ರ ಇಳಿಸಬಹುದು. 2020ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್ ಯುರೋಪಿನಲ್ಲಿ ಟ್ರಾಫಿಕ್ ಅನ್ನು ಶೇ. 25ರಷ್ಟು ಇಳಿಸಲು ಇದನ್ನೇ ಮಾಡಿತು. ಅವರು ಅದನ್ನು ಬಹಿರಂಗವಾಗಿ ಹೇಳಿ ಮಾಡಿದರು. ಹೇಳದೆ ಮಾಡಿದರೆ ಪ್ಲ್ಯಾನ್ ಪುಟದ 4ಕೆ ಎಂಬ ಮಾತು ಸುಳ್ಳಾಗುವುದಿಲ್ಲ, ಚಿತ್ರ ಮಾತ್ರ ಕೆಡುತ್ತದೆ.

ಮಂಜುಪರದೆ:

ಅಳೆದೆ. ಒಂದೇ ಚಿತ್ರ, ಅದೇ ಹತ್ತು ನಿಮಿಷ. ಕ್ರೋಮ್, ಸೌಂಡ್‌ಬಾರ್ ಮೂಲಕ: 190 ಎಂಬಿ, ಮೀಡಿಯಾ-ಇಂಟರ್ನಲ್ಸ್‌ನಲ್ಲಿ 1280×720. ಎಡ್ಜ್, ಸೌಂಡ್‌ಬಾರ್ ಮೂಲಕ: 410 ಎಂಬಿ. ಎಡ್ಜ್, ನೇರ ಟಿವಿಗೆ: 880 ಎಂಬಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಟ್ಯಾಬ್ಲೆಟ್ ಎಲ್3. ಇಂಟರ್‌ನೆಟ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಹಾಗಾದರೆ ಕಾರಣ ಅವರಿಗೆ ಗೊತ್ತಿತ್ತೇ?

ಉತ್ತರ 4: ಷರತ್ತುಪತ್ರ

ಅವರ ಸಾಫ್ಟ್‌ವೇರ್‌ಗೆ ಗೊತ್ತಿರುತ್ತದೆ. ಒಂದೇ ಚಿತ್ರದ ಎಸ್‌ಡಿ, ಎಚ್‌ಡಿ, 4ಕೆ ಹರಿವುಗಳಿಗೆ ಬೇರೆ ಬೇರೆ ಬೀಗದ ಕೈ ಇಡುವುದು ರೂಢಿ. ಪ್ಲೇ ಒತ್ತಿದಾಗ ಲೈಸೆನ್ಸ್ ಸರ್ವರ್ ನಿಮ್ಮ ಸಾಧನದ ಭದ್ರತಾ ಮಟ್ಟ ನೋಡಿ ಯಾವ ಕೈ ಕೊಡಬೇಕು, ಯಾವುದಕ್ಕೆ ಎಷ್ಟು ಎಚ್‌ಡಿಸಿಪಿ ಬೇಕು ಎಂದು ತೀರ್ಮಾನಿಸುತ್ತದೆ. 4ಕೆಯ ಕೈ ನಿಮಗೆ ಬರಲೇ ಇಲ್ಲ, ಅಷ್ಟೇ. ಬ್ರೌಸರ್‌ಗಳ ಡಿಆರ್‌ಎಂಗೆ ಡಬ್ಲ್ಯು3ಸಿ (ವೆಬ್ ಮಾನದಂಡ ರೂಪಿಸುವ ಸಂಸ್ಥೆ) 2017ರ ಸೆಪ್ಟೆಂಬರ್‌ನಲ್ಲಿ ಅಂತಿಮಗೊಳಿಸಿದ ಇಎಂಇ ಮಾನದಂಡದಲ್ಲಿ ಪ್ರತಿ ಕೈಯ ಸ್ಥಿತಿ ತಿಳಿಸುವ ಪದಗಳಿವೆ. ಅವುಗಳಲ್ಲಿ 'ಔಟ್‌ಪುಟ್-ರಿಸ್ಟ್ರಿಕ್ಟೆಡ್', 'ಔಟ್‌ಪುಟ್-ಡೌನ್‌ಸ್ಕೇಲ್ಡ್' ಎಂಬ ಎರಡು ಪದಗಳು ಇರುವುದೇ ಇಂಥ ಸಂದರ್ಭಕ್ಕಾಗಿ. ಅಂದರೆ "ಹೊರಗಿನ ಜೋಡಣೆಯ ಕಾರಣ ತಡೆದಿದ್ದೇನೆ" ಎಂದು ಪ್ಲೇಯರ್‌ಗೆ ತಿಳಿಸುವ ವ್ಯವಸ್ಥೆ ಮಾನದಂಡದಲ್ಲೇ ಇದೆ. ಆ ಒಂದು ಸಾಲನ್ನು ನೋಡುಗನಿಗೆ ದಾಟಿಸುವುದಕ್ಕೆ ತಾಂತ್ರಿಕ ಅಡ್ಡಿ ಯಾವುದೂ ಇಲ್ಲ. ನನಗೆ ಸಿಟ್ಟು ಬರುವುದು ಮಿತಿ ಇದೆ ಎಂಬುದಕ್ಕಲ್ಲ. ಕಾರಣ ಕೈಯಲ್ಲಿಟ್ಟುಕೊಂಡೂ ಇಂಟರ್‌ನೆಟ್ ಕಡೆ ಬೆರಳು ತೋರಿಸುವುದಕ್ಕೆ.

ಹಣ ಕಟ್ಟುವ ಮೊದಲು ಹೇಳಬೇಕೇ ಎಂದು ಕೇಳಿದ್ದೀರಿ. ಐರೋಪ್ಯ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನ (2011/83) ಡಿಜಿಟಲ್ ಸಾಮಗ್ರಿಯ ತಾಂತ್ರಿಕ ರಕ್ಷಣಾ ಕ್ರಮಗಳನ್ನೂ ಹೊಂದಾಣಿಕೆಯನ್ನೂ ಒಪ್ಪಂದಕ್ಕೆ ಮೊದಲೇ ತಿಳಿಸಬೇಕು ಎನ್ನುತ್ತದೆ. ಆದರೆ ಕಂಪನಿಗಳು "4ಕೆ ವರೆಗೆ" ಎಂದು ಬರೆದು, ಉಳಿದದ್ದನ್ನು ಸಹಾಯ ಪುಟದ ಮೂಲೆಗೆ ತಳ್ಳುತ್ತವೆ. ಆ "ವರೆಗೆ" ಎಂಬ ಪದದ ಮೇಲೆಯೇ ಇಡೀ ಪ್ಲ್ಯಾನ್ ನಿಂತಿದೆ.

ಮತ್ತೆ ದೂರು ಬರೆಯುವಾಗ "ಚಿತ್ರ ಚೆನ್ನಾಗಿಲ್ಲ" ಎನ್ನಬೇಡಿ. ಚಿತ್ರದ ಹೆಸರು, ದಿನ, ಸಮಯ, ಸಾಧನದ ಮಾದರಿ, ಬ್ರೌಸರ್ ಆವೃತ್ತಿ, ವೈಡ್‌ವೈನ್ ಮಟ್ಟ, ಅಳೆದ ಮೂರೂ ಅಂಕಿ ಕೊಡಿ. ಕೊನೆಗೆ ಒಂದೇ ಪ್ರಶ್ನೆ ಹಾಕಿ: "ಈ ಸಾಧನದಲ್ಲಿ ಈ ಪ್ಲ್ಯಾನ್‌ಗೆ ಸಿಗುವ ಗರಿಷ್ಠ ರೆಸಲ್ಯೂಷನ್ ಎಷ್ಟು, ಅದನ್ನು ಮಿತಿಗೊಳಿಸಿದ ಷರತ್ತು ಯಾವುದು? ಲಿಖಿತವಾಗಿ ತಿಳಿಸಿ." ಪ್ಲ್ಯಾನ್ ಕೊಂಡ ದಿನದ ಪುಟದ ಸ್ಕ್ರೀನ್‌ಶಾಟ್ ಇದ್ದರೆ ಜೊತೆಗೆ ಹಚ್ಚಿ, ಆ ಪುಟಗಳು ಬದಲಾಗುತ್ತಿರುತ್ತವೆ. ಹಣ ವಾಪಸ್ ಕೇಳುವುದಿದ್ದರೆ ಈ ಲಿಖಿತ ಉತ್ತರವೇ ಆಧಾರ.

ಉತ್ತರ 5: ಕೋಡೆಕ್_ಕಟ್ಟೆ

ಷರತ್ತುಪತ್ರ ಅವರ ಮಾತಿಗೆ ಒಂದು ಸೇರ್ಪಡೆ: ಮಿತಿ ಹಾಕುವುದೇ ಸರಿ ಎಂದು ನಾನು ಒಪ್ಪುವುದಿಲ್ಲ. ವೈಡ್‌ವೈನ್ ಎಲ್3 ಮುರಿದಿದ್ದೇನೆ ಎಂದು ಭದ್ರತಾ ಸಂಶೋಧಕರೊಬ್ಬರು 2019ರ ಜನವರಿಯಲ್ಲೇ ಪ್ರಕಟಿಸಿದ್ದರು. ಕಳ್ಳಪ್ರತಿಗಳು 4ಕೆಯಲ್ಲೇ ಓಡಾಡುತ್ತಿವೆ, 720ಪಿ ನೋಡುತ್ತಿರುವವರು ದುಡ್ಡು ಕೊಟ್ಟವರು.

ಉತ್ತರ 6: ಎಚ್‌ಡಿಎಂಐ_ಗಂಟು

ಅಳತೆ ಸ್ಪಷ್ಟವಾಗಿದೆ. ಇನ್ನೆರಡು ಕಡೆ ನೋಡಿಬಿಡಿ. ಲ್ಯಾಪ್‌ಟಾಪ್‌ಗೆ ಹಳೆಯ ಮಾನಿಟರ್ ಕೂಡ ಜೋಡಿಸಿದ್ದರೆ ಅದನ್ನು ಕಳಚಿ. ಜೋಡಿಸಿದ ಎಲ್ಲ ಪರದೆಗಳಿಗೂ ಎಚ್‌ಡಿಸಿಪಿ 2.2 ಇರಬೇಕೆಂದು ಕೆಲವು ಸೇವೆಗಳು ಕೇಳುತ್ತವೆ. ಹಳೆಯ 4ಕೆ ಟಿವಿಗಳಲ್ಲಿ ಎಲ್ಲ ಪೋರ್ಟ್‌ಗೂ 2.2 ಇರುವುದಿಲ್ಲ, ಪೋರ್ಟ್‌ನ ಪಕ್ಕ ಅಚ್ಚಾಗಿದೆಯೇ ನೋಡಿ, ಇಲ್ಲದಿದ್ದರೆ ಕೈಪಿಡಿಯಲ್ಲಿರುತ್ತದೆ. ಟ್ಯಾಬ್ಲೆಟ್‌ನ ಬೂಟ್‌ಲೋಡರ್ ಮುಟ್ಟದೆಯೂ ಎಲ್3 ಎಂದೇ ಇದ್ದರೆ ಅದು ಸೆಟ್ಟಿಂಗ್‌ನಿಂದ ಸರಿಯಾಗುವಂಥದ್ದಲ್ಲ, ಆ ಸಾಧನಕ್ಕೆ ಕಡಿಮೆ ದರದ ಪ್ಲ್ಯಾನೇ ಸಾಕು.