ಪೋಸ್ಟ್ ಬೇಸಿಕ್ ಬಿ.ಎಸ್ಸಿ ನರ್ಸಿಂಗ್‌ಗೆ ‘ಸ್ನಾತಕೋತ್ತರ’ ಅನ್ನಬಹುದೆ?

ಪ್ರಶ್ನೆ: ಜಿ.ಎನ್.ಎಂ. (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಡಿಪ್ಲೊಮಾ ಮುಗಿಸಿ ಕೆಲಸದಲ್ಲಿರುವ ನರ್ಸುಗಳು ಪದವಿಗೆ ಸೇರುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ ನರ್ಸಿಂಗ್ ಬಗ್ಗೆ ಕನ್ನಡದಲ್ಲಿ ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಸ್ನಾತಕೋತ್ತರ ಬಿ.ಎಸ್ಸಿ’ ಎಂದಿದೆ. ‘ರಿಜಿಸ್ಟರ್ಡ್ ನರ್ಸ್, ರಿಜಿಸ್ಟರ್ಡ್ ಮಿಡ್‌ವೈಫ್’ ಎಂಬಲ್ಲಿ ‘ನೋಂದಾಯಿತ ದಾದಿ, ಸೂಲಗಿತ್ತಿ’ ಎಂದಿದೆ. ಇವು ಸರಿಯೇ? ಬಲ್ಲವರು ತಿಳಿಸಬೇಕು.

ಉತ್ತರ: ಎರಡೂ ಬೇಡ ಮೇಡಂ.

ಸ್ನಾತಕೋತ್ತರ ಎಂದರೆ ಪದವಿಯ ಮೇಲಿನ ಓದು. ನರ್ಸಿಂಗ್‌ನಲ್ಲಿ ಅದು ಎಂ.ಎಸ್ಸಿ. ಇಲ್ಲಿ ‘ಬೇಸಿಕ್’ ಅನ್ನುವುದು ಜಿ.ಎನ್.ಎಂ. ಡಿಪ್ಲೊಮಾವನ್ನು. ಅದರ ಮೇಲೆ 2 ವರ್ಷ ಓದಿದರೆ ಕೈಗೆ ಬರುವುದು ಸ್ನಾತಕ ಪದವಿಯೇ. ಪಿಯುಸಿ ಆದ ಮೇಲೆ ನೇರ ಸೇರುವವರಿಗೆ ಬಿ.ಎಸ್ಸಿ ನರ್ಸಿಂಗ್ 4 ವರ್ಷ. ಕರಡಿನಲ್ಲಿರುವಂತೆಯೇ ಅಚ್ಚಾದರೆ, ಡಿಪ್ಲೊಮಾದಿಂದ ಒಂದೇ ನೆಗೆತಕ್ಕೆ ಎಂ.ಎಸ್ಸಿ ಮಟ್ಟ ಮುಟ್ಟಬಹುದೆಂದು ಓದಿದವರು ನಂಬುತ್ತಾರೆ. ಎಂ.ಎಸ್ಸಿ ಸೇರಲು ಈ ಎರಡು ಬಗೆಯ ಬಿ.ಎಸ್ಸಿಗಳಲ್ಲೊಂದು ಪದವಿ, ಅದರಲ್ಲಿ ಶೇ. 55 ಅಂಕ, ಜೊತೆಗೆ 1 ವರ್ಷದ ಸೇವಾನುಭವ ಬೇಕು. ‘ಡಿಪ್ಲೊಮಾ ನಂತರದ ಬಿ.ಎಸ್ಸಿ ನರ್ಸಿಂಗ್’ ಎಂದರೆ ಗೊಂದಲವಿಲ್ಲ. ‘ಡಿಪ್ಲೊಮೋತ್ತರ’ ಎಂದು ಸಂಧಿ ಮಾಡುವ ಆಸೆ ಕೆಲವರಿಗಿದೆ, ನನಗಿಲ್ಲ.

ಬರೀ ‘ಪೋಸ್ಟ್ ಬೇಸಿಕ್’ ಎಂದು ನಿಲ್ಲಿಸಿದರೂ ಎಡವಟ್ಟೇ. ತೀವ್ರ ನಿಗಾ, ಕ್ಯಾನ್ಸರ್, ಮಾನಸಿಕ ಆರೋಗ್ಯ ಶುಶ್ರೂಷೆಗಳಲ್ಲಿ 1 ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ, ಅವು ಪದವಿಯಲ್ಲ. ಹಳಬರ ಬಾಯಲ್ಲಿರುವ ‘ಪಿ.ಸಿ. ಬಿ.ಎಸ್ಸಿ’ ಮಾತ್ರ ಇದೇ ಕೋರ್ಸು, ಪೋಸ್ಟ್ ಸರ್ಟಿಫಿಕೇಟ್ ಎಂದಿದ್ದ ಕಾಲದ್ದು.

ಇನ್ನು ಸೂಲಗಿತ್ತಿ. 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರ ಹೆಸರಿನೊಂದಿಗೇ ಕೂಡಿಕೊಂಡಿರುವ ಪದವದು, ಮರ್ಯಾದೆಗೆ ಕೊರತೆಯಿಲ್ಲ. ಆದರೆ ಅದು ಪರಂಪರೆಯಿಂದ ಕಲಿತು ಹೆರಿಗೆ ಮಾಡಿಸುವವರ ಹೆಸರು. ರಾಜ್ಯದ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿ ಪಡೆದವರಿಗೆ ‘ಮಿಡ್‌ವೈಫ್’ ಎಂದೇ ಇರಲಿ. ‘ದಾದಿ’ ಅಂದರೆ ಹೆಂಗಸು ಎಂದಾಗುತ್ತದೆ. ಈ ಕೋರ್ಸಿಗೆ ಗಂಡಸರೂ ಬರುತ್ತಾರೆ, ‘ನರ್ಸ್’ ಸಾಕು.

ಹಾಗೆಂದು ಎರಡನ್ನೂ ಸೇರಿಸಿ ‘ನೋಂದಾಯಿತ ಶುಶ್ರೂಷಕರು’ ಎಂದು ಚುಟುಕಾಗಿಸಬೇಡಿ. ಪ್ರವೇಶಕ್ಕೆ ರಾಜ್ಯದ ಕೌನ್ಸಿಲ್ಲಿನಲ್ಲಿ ನರ್ಸ್ ಆಗಿಯೂ ಮಿಡ್‌ವೈಫ್ ಆಗಿಯೂ ನೋಂದಣಿ ಇರಬೇಕು; ಚುಟುಕಾಗಿಸಿದರೆ ಒಂದು ಷರತ್ತೇ ಹಾರಿಹೋಗುತ್ತದೆ. ಮಿಡ್‌ವೈಫರಿ ಇಲ್ಲದ ಹಳೆಯ ಪಠ್ಯಕ್ರಮದಲ್ಲಿ ಕಲಿತ ಪುರುಷ ನರ್ಸುಗಳು ಅದರ ಬದಲಿಗೆ, ಅಷ್ಟೇ ಅವಧಿಯ ಬೇರೆ ತರಬೇತಿಯ ದಾಖಲೆ ತೋರಿಸಬೇಕು: ಆಪರೇಷನ್ ಥಿಯೇಟರ್, ಕಣ್ಣು, ಮನೋರೋಗ ಇಂಥವುಗಳಲ್ಲೊಂದು, ಅದೂ ಭಾರತೀಯ ನರ್ಸಿಂಗ್ ಕೌನ್ಸಿಲ್ ಒಪ್ಪಿದ್ದು. ಅವರಿಗಾಗಿ ಕೈಪಿಡಿಯಲ್ಲಿ ಬೇರೆಯೇ ಒಂದು ವಾಕ್ಯ ಬೇಕು.

ಮತ್ತೆ ಓದಲು ಬರುವವರ ಸೇರ್ಪಡೆಗೆ ‘ಮರುಪ್ರವೇಶ’ ಬಳಸಿದ್ದರೆ ತೆಗೆಯಿರಿ. ಕಾಲೇಜು ಕಚೇರಿಗಳಲ್ಲಿ ಅದು ಓದನ್ನು ನಡುವೆ ಬಿಟ್ಟವರಿಗೆ ಸಲ್ಲುವ ಮಾತು. ಅರ್ಜಿ ನಮೂನೆಯಲ್ಲಿ ಕೋರ್ಸಿನ ಹೆಸರನ್ನು ಅನುವಾದಿಸಲೇಬೇಡಿ, ಅಂಕಪಟ್ಟಿಯಲ್ಲಿರುವಂತೆಯೇ ಬರೆಯಿಸಿ. ಹೆಸರು ತಾಳೆಯಾಗದಿದ್ದರೆ ದಾಖಲೆ ಪರಿಶೀಲನೆಯಲ್ಲಿ ಅರ್ಜಿ ನಿಂತುಹೋಗಬಹುದು.