‘ಪಾಸೌಟ್’ ಅಂದರೆ ಮೂರ್ಛೆಯೇ? ನಮ್ಮ ಮನೆ ಗುಂಪಿನ ಒಂದು ಭಾನುವಾರ

ಬೆಳಿಗ್ಗೆ ಕಾಫಿ ಹೊತ್ತಿಗೆ ಅತ್ತೆ ಫಾರ್ವರ್ಡ್ ಹಾಕಿದರು: ‘ಪಾಸ್ ಔಟ್ ಅಂದರೆ ಮೂರ್ಛೆ ಹೋಗುವುದು. ಕಾಲೇಜಿನಿಂದ ಪಾಸೌಟ್ ಆದೆ ಅನ್ನುವುದು ಭಾರತೀಯರು ಮಾತ್ರ ಮಾಡುವ ತಪ್ಪು. ಹತ್ತು ಜನಕ್ಕೆ ಕಳಿಸಿ.’ ಊಟದ ಹೊತ್ತಿಗೆ ಅರವತ್ತು ಮೆಸೇಜು. ಮುಖ್ಯವಾದವನ್ನು ಇಲ್ಲಿ ಇಳಿಸಿದ್ದೇನೆ.

ದೊಡ್ಡಪ್ಪ: ಮೇಷ್ಟರಾಗಿದ್ದಷ್ಟು ವರ್ಷವೂ ಇದನ್ನೇ ಬಡಕೊಂಡೆ. ಯಾರು ಕೇಳಿದಿರಿ? ಕನ್ನಡವನ್ನೂ ನೆಟ್ಟಗೆ ಕಲೀಲಿಲ್ಲ, ಇಂಗ್ಲಿಷನ್ನೂ ಕಲೀಲಿಲ್ಲ.

ತಂಗಿ: ಅತ್ತೆ, ಇದನ್ನ ಬರೆದೋರು ಯಾರು? ಯಾವ ಡಿಕ್ಷನರೀಲಿದೆ?

ಅತ್ತೆ: ನಂಗೇನು ಗೊತ್ತಮ್ಮ, ಭಜನೆ ಗ್ರೂಪಲ್ಲಿ ಬಂತು. ನಿಮ್ಮ ಭಾವನ ಬಯೋಡೇಟಾದಲ್ಲಿ ಹಾಗೇ ಇದೆ, ಗಾಬರಿಯಾಗಿ ಹಾಕ್ದೆ.

ಭಾವ: ಅಮ್ಮಾ! ಅದಿರಲಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನೆನಪಿದ್ಯಾ? ನೋಟಿಸ್ ಬೋರ್ಡಿನ ಜಾಲರಿಗೆ ಮೂಗು ಒತ್ಕೊಂಡು ನಂಬರ್ ಹುಡುಕಿದ್ದು. ಅಜ್ಜಿ ಸಜ್ಜಪ್ಪ ಮಾಡಿದ್ರು.

ಚಿಕ್ಕಮ್ಮ: ಅಜ್ಜಿ ಮಾಡಿದ್ದು ಒಬ್ಬಟ್ಟು. ಸಜ್ಜಪ್ಪ ಮಾಡಿದ್ದು ನಾನು.

ಇಷ್ಟಾದರೂ ಮಾತಿನ ಅರ್ಥಕ್ಕೆ ಯಾರೂ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ.

ನಾನು: ದೊಡ್ಡಪ್ಪ, ಇದನ್ನ ತಪ್ಪು ಅನ್ನೋಕಾಗಲ್ಲ. ಸೈನ್ಯದ ತರಬೇತಿ ಮುಗಿಸಿ ಹೊರಬೀಳೋದಕ್ಕೆ ಬ್ರಿಟನ್ನಿನವರೇ ಆಡೋ ಮಾತು ಇದು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1926ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಅಕಾಡೆಮಿಯಿಂದ ಪಾಸೌಟ್ ಆದವರು. ನಮ್ಮ ಡೆಹ್ರಾಡೂನಿನ ಸೈನಿಕ ಅಕಾಡೆಮಿ 1932ರಲ್ಲಿ ಶುರುವಾಯ್ತು, ಮುಂದೆ ಫೀಲ್ಡ್ ಮಾರ್ಷಲ್ ಆದ ಮಾಣಿಕ್ ಷಾ ಇದ್ದ ಮೊದಲ ತಂಡ 1934ರ ಡಿಸೆಂಬರಲ್ಲಿ ಹೊರಗೆ ಬಂತು. ಈಗಲೂ ಜೂನ್, ಡಿಸೆಂಬರಲ್ಲಿ ಅಲ್ಲಿ ಪಾಸಿಂಗ್ ಔಟ್ ಪರೇಡ್ ನಡೆಯುತ್ತೆ. ನಾವು ಆ ಮಾತನ್ನ ಕಾಲೇಜಿಗೂ ಹಚ್ಚಿದ್ದೀವಿ, ಅಷ್ಟೆ. ಎಚ್ಚರ ತಪ್ಪೋದು ಅನ್ನೋದು ಅದರ ಇನ್ನೊಂದು ಅರ್ಥ. ಕ್ಲಾಸಲ್ಲಿ ಪೇಪರ್ ಹಂಚೋದಕ್ಕೂ ಅಮೆರಿಕದಲ್ಲಿ ಪಾಸ್ ಔಟ್ ಅಂತಾರೆ. ಭಾವ, ಅಲ್ಲಿಯವರಿಗೆ ಬಯೋಡೇಟಾ ಕಳಿಸೋದಾದ್ರೆ ಮಾತ್ರ ಗ್ರಾಜುಯೇಟ್ ಆದೆ ಅಂತ ಬರೀರಿ.

ದೊಡ್ಡಪ್ಪ: ಸೈನ್ಯ ಬೇರೆ, ಕಾಲೇಜು ಬೇರೆ. ದೊಡ್ಡವರಿಗೆ ಎದುರು ಹೇಳೋದನ್ನ ಮಾತ್ರ ಚೆನ್ನಾಗಿ ಕಲಿತಿದ್ದೀಯ.

ಅತ್ತೆ: ಅಣ್ಣ, ನನ್ನ ಮಗಳ ಮದುವೆ ಕಾಗದಕ್ಕೆ ಬೀಗರೆದುರೇ ಕೆಂಪು ಪೆನ್ನು ಹಾಕಿದ್ಯಲ್ಲ, ಆಗಲೂ ಹೀಗೇ.

ದೊಡ್ಡಪ್ಪ: ಅದರಲ್ಲಿ ಎರಡು ತಪ್ಪಿತ್ತು.

ಅತ್ತೆ: ಹದಿನೆಂಟು ವರ್ಷ ಆಯ್ತು. ಎಷ್ಟು ತಪ್ಪು ಅಂತ ಇನ್ನೂ ಲೆಕ್ಕ ಇಟ್ಟಿದ್ದೀಯ.

ಅಲ್ಲಿಂದ ಒಂದು ಗಂಟೆ ಮದುವೆ ಕಾಗದದ ಮಾತೇ. ಯಾರು ಛತ್ರದಿಂದ ಊಟ ಮಾಡದೆ ಎದ್ದು ಹೋದರು ಅನ್ನುವವರೆಗೂ ಹೋಯಿತು. ಅಷ್ಟು ಹೊತ್ತೂ ಸುಮ್ಮನಿದ್ದ ಚಿಕ್ಕಪ್ಪ ಒಂದು ಫೋಟೊ ಹಾಕಿದರು. ಅವರು ಪೊಲೀಸಿನಲ್ಲಿದ್ದು ನಿವೃತ್ತರಾದವರು, ಗುಂಪಿನಲ್ಲಿ ಬರೆಯುವುದೇ ಅಪರೂಪ. ಹಳದಿಗೆ ತಿರುಗಿದ ಆಮಂತ್ರಣದ ಕಾರ್ಡು, ಮಡಿಕೆ ಉದ್ದಕ್ಕೂ ಸೆಲೋಟೇಪ್. ಮೇಲೆ ಕನ್ನಡದಲ್ಲಿ ‘ನಿರ್ಗಮನ ಪಥಸಂಚಲನ’, ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ‘ಪಾಸಿಂಗ್ ಔಟ್ ಪರೇಡ್’.

ಚಿಕ್ಕಪ್ಪ: ಅಣ್ಣ, ಇದನ್ನ ಅವತ್ತು ಅಪ್ಪನಿಗೆ ಓದಿ ಹೇಳಿದ್ದು ನೀನೇ. ‘ಹುಡುಗ ಪಾಸಾಗಿ ಹೊರಗೆ ಬರ್ತಾ ಇದಾನೆ, ನೋಡೋಣ ನಡಿ’ ಅಂತ ಬಸ್ಸು ಹತ್ತಿಸಿ ಕರಕೊಂಡು ಬಂದಿದ್ದೆ.

ದೊಡ್ಡಪ್ಪ ಅವತ್ತು ಅಜ್ಜನಿಗೆ ಹೇಳಿದ ಆ ಅರ್ಥಕ್ಕಿಂತ ಒಳ್ಳೆಯದನ್ನು ಯಾವ ಡಿಕ್ಷನರಿಯೂ ಕೊಡಲಾರದು. ನಮ್ಮ ‘ಉತ್ತೀರ್ಣ’ದಲ್ಲಿ ಇರುವುದೂ ಅದೇ: ‘ತೀರ್ಣ’ ಅಂದರೆ ದಾಟಿದ, ‘ಉತ್’ ಅಂದರೆ ಮೇಲಕ್ಕೆ, ಹೊರಕ್ಕೆ. ಇದನ್ನು ಗುಂಪಿನಲ್ಲೂ ಬರೆದೆ. ಯಾರೂ ಉತ್ತರ ಕೊಡಲಿಲ್ಲ, ತಂಗಿಯೊಬ್ಬಳು ಹೆಬ್ಬೆರಳು ಒತ್ತಿದಳು.

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸುವುದು, ನಿಲ್ಲುವುದು, ಮತ್ತೆ ತೋರಿಸುವುದು, ಹೀಗೇ ಬಹಳ ಹೊತ್ತು ನಡೆಯಿತು. ಕೊನೆಗೆ ಬಂತು:

ದೊಡ್ಡಪ್ಪ: ಆ ಸೆಲೋಟೇಪ್ ಕೀಳೋಕೆ ಹೋಗಬೇಡ, ಅಕ್ಷರ ಎದ್ದು ಬರುತ್ತೆ. ನಾಳೆ ಕಾರ್ಡು ತಗೊಂಡು ಮನೆಗೆ ಬಾ, ಇಬ್ಬರೂ ಹೋಗಿ ಲ್ಯಾಮಿನೇಟ್ ಮಾಡಿಸೋಣ.